ಐಸ್ ತೊಟ್ಟಿಯ ಬೆಳಗುಗಳು

ಮಾಗಡಿ ರಸ್ತೆಯ ಐಸ್ ಫ್ಯಾಕ್ಟರಿಯಿಂದ ಟೆಂಪೋ ಬರುವ ಹೊತ್ತಿಗೆ ನಾನೂ ನನ್ನ ಜೊತೆಗಾರನೂ ಕಾರ್ಖಾನೆಯ ಗೇಟಿನಲ್ಲಿ ನಿಂತಿರಬೇಕಿತ್ತು. ಬೀದಿದೀಪಗಳು ಇನ್ನೂ ಆರಿರುತ್ತಿರಲಿಲ್ಲ. ಮರದ ಹೊಟ್ಟು ಮೆತ್ತಿಕೊಂಡ ಗೋಣಿತಾಟಿನ ಅಡಿಯಲ್ಲಿ ಐಸಿನ ದಿಮ್ಮಿಗಳು ಸಾಲಾಗಿ ಮಲಗಿರುತ್ತಿದ್ದವು. ಟೆಂಪೋ ಡ್ರೈವರು ದಿನವೂ ಅದೇ ಮಾತು ಕೇಳುತ್ತಿದ್ದ.

"ಏನ್ ಸಾರ್, ಇಷ್ಟೊಂದು ಐಸು? ದಿನಾ ಮದ್ವೆನಾ ಇಲ್ಲಿ?"

"ಹೂಂ ಕಣಣ್ಣ, ಇವನದೇ ಮದ್ವೆ," ಎಂದು ಜೊತೆಗಾರ ನನ್ನ ಕಡೆ ಕೈ ತೋರಿಸುತ್ತಿದ್ದ. "ತೊಟ್ಟೀಲಿ ಕೂರ್ಸಿ ಧಾರೆ ಎರೀತೀವಿ."

ನಾನು ನಗುತ್ತಿರಲಿಲ್ಲ. ನಗುವುದಕ್ಕೂ ಮೈಯಲ್ಲಿ ಸ್ವಲ್ಪ ಕಸುವು ಬೇಕಾಗುತ್ತದೆ.

ಅದು ಎಪ್ಪತ್ತರ ದಶಕದ ಕೊನೆಯ ಭಾಗ. ನಮ್ಮದು ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿದ್ದ ಸಣ್ಣ ಕಾರ್ಖಾನೆ. ಅಣೆಕಟ್ಟುಗಳಿಗೆ ಬೇಕಾದ ಕಬ್ಬಿಣದ ಗೇಟು, ಅದನ್ನು ಎತ್ತಿ ಇಳಿಸುವ ಸಾಮಾನು, ಅಂಚಿಗೆ ಕೂರುವ ರಬ್ಬರ್ ಪಟ್ಟಿ, ಇವೇ ನಮ್ಮ ಕಸುಬು. ಉತ್ತರದ ಹಿಮದ ಸೀಮೆಯ ಒಂದು ಅಣೆಕಟ್ಟಿಗೆ ನಾವು ಕಳಿಸಿದ್ದ ಗೇಟೊಂದು ತನ್ನ ಜಾಗದಲ್ಲಿ ಸರಿಯಾಗಿ ಕೂರದೆ ಸತಾಯಿಸುತ್ತಿತ್ತು. ಅಲ್ಲಿಯವರು ಮುಳುಗುಗಾರರನ್ನು ಇಳಿಸಿ ನೋಡಿದರು. ಇಳಿದವರೆಲ್ಲ ಮೇಲೆ ಬಂದು "ಎಲ್ಲ ಸರಿಯಾಗಿದೆ" ಎಂದೇ ಹೇಳಿದರು. ಪಾಪ, ಅವರಿಗೆ ನೀರು ಗೊತ್ತು, ಗೇಟು ಗೊತ್ತಿಲ್ಲ. ಕೊನೆಗೆ ನಮ್ಮ ಯಜಮಾನರು ಒಂದು ತೀರ್ಮಾನಕ್ಕೆ ಬಂದರು. ಮುಳುಗುಗಾರನಿಗೆ ಗೇಟಿನ ವಿದ್ಯೆ ಕಲಿಸುವುದಕ್ಕಿಂತ, ಗೇಟು ಬಲ್ಲವನಿಗೆ ಮುಳುಗುವುದನ್ನು ಕಲಿಸುವುದೇ ಸುಲಭ.

ಸುಲಭ ಎಂದವರು ಅವರು. ಮುಳುಗಬೇಕಾದವರು ನಾವಿಬ್ಬರು.

ಜೊತೆಗಾರ ಮೂಡಲಪಾಳ್ಯದವನು, ಫಿಟ್ಟರು, ನನಗಿಂತ ಒಂದೆರಡು ವರ್ಷ ದೊಡ್ಡವನು. ಆ ಕಡೆಯ ಬಾವಿಗಳಲ್ಲಿ ಧುಮುಕಿ ಧುಮುಕಿ ಬೆಳೆದವನು. ನಾನು ಗೇಟು ಜೋಡಿಸುವ ವಿಭಾಗದ ಮೇಲ್ವಿಚಾರಕ, ಈಜು ಬರುತ್ತಿತ್ತು ಎನ್ನುವಷ್ಟೇ. ನಮ್ಮನ್ನು ಪಳಗಿಸಲು ಬಂದವರು ನೌಕಾಪಡೆಯಲ್ಲಿ ಮುಳುಗುಗಾರರಾಗಿ ನಿವೃತ್ತರಾಗಿ ಬಸವೇಶ್ವರನಗರದಲ್ಲಿ ಮನೆ ಕಟ್ಟಿಕೊಂಡಿದ್ದ ಮಂಗಳೂರು ಕಡೆಯ ಹಿರಿಯರು. ನಾವು ಅವರನ್ನು ಮಾಸ್ಟ್ರು ಎಂದೇ ಕರೆಯುತ್ತಿದ್ದೆವು. ಅವರ ಎಡಗಿವಿಯ ತಮಟೆ ಹಳೆಯ ಕೆಲಸದಲ್ಲಿ ಹರಿದು ಹೋಗಿತ್ತು. ಹಾಗಾಗಿ ದಂಡೆಯ ಮೇಲೆ ನಿಂತು ಕಲಿಸುವುದಷ್ಟೇ ಅವರಿಂದ ಆಗುತ್ತಿತ್ತು, ನೀರಿಗಿಳಿಯುವಂತಿರಲಿಲ್ಲ.

ಮೊದಲ ದಿನವೇ ಅವರು ಒಂದು ನಿಯಮ ಹಾಕಿದರು. "ಒಬ್ಬ ಕೆಳಗೆ ಹೋದರೆ ಇನ್ನೊಬ್ಬ ಸಿಲಿಂಡರ್ ಕಟ್ಟಿಕೊಂಡು ದಡದಲ್ಲಿ ಕೂತಿರಬೇಕು. ಹಗ್ಗ ಹಿಡಿದು ಕೂತ್ರೆ ಸಾಲದು. ಹಗ್ಗ ಸಿಕ್ಕಿಹಾಕಿಕೊಂಡ್ರೆ ಎಳೀಲಿಕ್ಕೆ ಆಗ್ತದಾ? ಇಳೀಲಿಕ್ಕೇ ಒಬ್ಬ ಬೇಕು. ಆ ಇನ್ನೊಬ್ಬ ಇಲ್ಲದಿದ್ರೆ ಕೆಲಸವೇ ಇಲ್ಲ, ಗೊತ್ತಾಯ್ತಾ?"

ಗೊತ್ತಾಯಿತು ಎಂದು ಇಬ್ಬರೂ ತಲೆಯಾಡಿಸಿದೆವು.

ಈಜುಕೊಳದಲ್ಲಿ ಶುರುವಾಯಿತು. ಬಾಯಲ್ಲಿ ರಬ್ಬರ್ ತುಂಡು ಕಚ್ಚಿ ಉಸಿರಾಡುವುದು, ಕಣ್ಣಿನ ಮಾಸ್ಕಿನೊಳಗೆ ನೀರು ಬಂದರೆ ಮೇಲಂಚು ಒತ್ತಿ ಮೂಗಿನಿಂದ ಊದಿ ಹೊರಹಾಕುವುದು, ಇಳಿಯುವಾಗ ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಬಿಡಿಸಿಕೊಳ್ಳುವುದು. ಕಿವಿಯೊಳಗೆ ಟಕ್ ಎಂದರೆ ಸರಿ. ಅನ್ನದಿದ್ದರೆ ಒಂದು ಮೊಳ ಮೇಲೆ ಬಂದು ಮತ್ತೆ ಊದಬೇಕು. ಆಮೇಲೆ ಕೆಂಗೇರಿಯ ಹತ್ತಿರ ಒಂದು ತೋಟದ ದೊಡ್ಡ ಬಾವಿ. ಭಾನುವಾರ ಮಧ್ಯಾಹ್ನಗಳಲ್ಲಿ ಅಲ್ಲಿ ನಲವತ್ತು ಅಡಿಯ ತಳಕ್ಕೆ ಇಳಿದು ಹೂಳಿನ ಮೇಲೆ ಮಂಡಿಯೂರಿ ಕೂರುತ್ತಿದ್ದೆವು. ನನ್ನ ಕಿವಿ ಪ್ರತಿ ಸಲವೂ ಟಕ್ ಎನ್ನುತ್ತಿತ್ತು. ಕಿವಿಯ ಡಾಕ್ಟರೂ ದೀಪ ಹಾಕಿ ನೋಡಿ ಎರಡೂ ತಮಟೆ ಚೆನ್ನಾಗಿವೆ ಎಂದಿದ್ದರು. ಮಾಸ್ಟ್ರು ಯಜಮಾನರ ಮುಂದೆ, "ಈ ಹುಡುಗನ ಉಸಿರು ಒಳ್ಳೆದುಂಟು, ಗಾಳಿ ಉಳಿಸ್ತಾನೆ" ಎಂದಾಗ ನನಗೆ ಒಳಗೊಳಗೇ ಹೆಮ್ಮೆ.

ಬಾವಿಯ ನೀರು ಬೇರೆ, ಹಿಮ ಕರಗಿದ ನೀರು ಬೇರೆ. ಅಲ್ಲಿಗೆ ಹೊರಡುವ ಮುಂಚೆ ಮೈಗೆ ಆ ಚಳಿಯ ಪರಿಚಯ ಆಗಬೇಕು ಎಂದು ಮಾಸ್ಟ್ರು ಹಟ ಹಿಡಿದರು. ಕಾರ್ಖಾನೆಯ ಹಿಂಭಾಗದಲ್ಲಿ ಗೇಟುಗಳ ಸೋರಿಕೆ ನೋಡಲು ಕಟ್ಟಿಸಿದ್ದ ಹನ್ನೆರಡು ಅಡಿ ಆಳದ ಕಾಂಕ್ರೀಟ್ ತೊಟ್ಟಿಯಿತ್ತು. ಅದಕ್ಕೆ ಐಸು ಸುರಿಯುವುದೆಂದಾಯಿತು. ಧನುರ್ಮಾಸದ ಚಳಿ, ಬೆಳಗಿನ ಜಾವದ ಹೊತ್ತು. ಬಿಸಿಲು ಏರಿದರೆ ಐಸು ನಿಲ್ಲುವುದಿಲ್ಲ, ಅಲ್ಲದೆ ನಮ್ಮಿಬ್ಬರಿಗೂ ಬೆಳಗಿನ ಪಾಳಿಯ ಕೆಲಸ ತಪ್ಪುವಂತಿರಲಿಲ್ಲ.

ಬೊಂಬಾಯಿಯಿಂದ ಹಳೆಯದಾಗಿ ತರಿಸಿದ ದಪ್ಪ ರಬ್ಬರಿನ ಉಡುಪು, ಕೈಗೆ ರಬ್ಬರಿನ ಗವಸು, ತಲೆಗೆ ಕಿವಿ ಗಲ್ಲ ಎಲ್ಲ ಮುಚ್ಚುವ ಬಿಗಿ ಟೋಪಿ. ಒಳಗೆ ಪೌಡರು ಸುರಿದುಕೊಂಡು ಆ ಉಡುಪಿನೊಳಗೆ ನುಗ್ಗುವಷ್ಟರಲ್ಲೇ ಅರ್ಧ ಜೀವ ಹೋಗುತ್ತಿತ್ತು. ಹಿಂದಿನ ದಿನದ ಒದ್ದೆ ಆರಿರುತ್ತಿರಲಿಲ್ಲ. ಅದರ ವಾಸನೆ ಊಟ ಮಾಡುವಾಗಲೂ ಕೈಯಿಂದ ಹೋಗುತ್ತಿರಲಿಲ್ಲ. ಇನ್ನೊಂದು ತೊಂದರೆಯೆಂದರೆ, ಆ ರಬ್ಬರು ನೀರಲ್ಲಿ ತೇಲುತ್ತದೆ. ಮುಳುಗಬೇಕಾದರೆ ಸೊಂಟಕ್ಕೆ ಸೀಸದ ತೂಕ ಬೇಕು. ಅಚ್ಚು ಸಿಗಲಿಲ್ಲವೆಂದು ಜೊತೆಗಾರ ಮನೆಯಿಂದ ಹಳೆಯ ಇಡ್ಲಿ ತಟ್ಟೆ ತಂದು, ಅದರ ಗುಳಿಗಳಿಗೆ ಕರಗಿಸಿದ ಸೀಸ ಸುರಿದ. ಆರಿದ ಮೇಲೆ ಒಂದೊಂದಕ್ಕೂ ತೂತು ಕೊರೆದು ಬೆಲ್ಟಿಗೆ ಪೋಣಿಸಿದ.

"ತಗೋ ಮಗಾ, ನಮ್ಮನೆ ಇಡ್ಲಿ. ತಿಂದ್ರೆ ಸೀದಾ ತಳಕ್ಕೆ."

"ಅತ್ಗೆ ಏನೂ ಅನ್ಲಿಲ್ವಾ ಗುರು, ತಟ್ಟೆ ತಂದಿದ್ದಕ್ಕೆ?"

"ಅವಳಿಗೆ ಹೇಳಿದ್ದೀನಾ? ಭಾನುವಾರ ಅವಳು ಹಿಟ್ಟು ರುಬ್ಬಿದ್ಮೇಲೆ ಗೊತ್ತಾಗುತ್ತೆ ಬಿಡು."

ಮಾಸ್ಟ್ರ ಪಾಠ ಹೀಗಿತ್ತು. ನೀರಿಗೆ ಮುಖ ಅದ್ದಿ, ಕುತ್ತಿಗೆಯ ಸಂದಿಯಿಂದ ಬೆನ್ನಿಗೆ ನೀರು ಇಳಿಯಲು ಬಿಡಬೇಕು. ಆಗ ಎದೆ ತಾನಾಗಿಯೇ ಹೌಹಾರಿ ಉಸಿರು ಎಳೆಯುತ್ತದೆ. ಆ ಹೊತ್ತಿನಲ್ಲಿ ಉದ್ದಕ್ಕೆ ಉಸಿರು ಬಿಡುತ್ತಾ ಇರಬೇಕು, ಎಳೆಯಬಾರದು. ಉಡುಪಿನೊಳಗೆ ಹೊಕ್ಕ ನೀರು ಮೈಶಾಖಕ್ಕೆ ಬೆಚ್ಚಗಾದ ಮೇಲೆ ಇಳಿಯಬೇಕು. ಟೋಪಿಯ ಅಂಚನ್ನು ಬೆರಳಿಂದ ಸ್ವಲ್ಪ ಎತ್ತಿ ಕಿವಿಗೂ ನೀರು ಬಿಡಬೇಕು. ತಳದಲ್ಲಿ ಒಂದು ಕಬ್ಬಿಣದ ಚೌಕಟ್ಟು ಇಟ್ಟಿದ್ದೆವು. ಅದರ ಮೇಲೆ ರಬ್ಬರ್ ಪಟ್ಟಿಯಿಟ್ಟು, ಅದನ್ನು ಅದುಮಿ ಹಿಡಿಯುವ ಕಬ್ಬಿಣದ ಒತ್ತುಪಟ್ಟಿ ಕೂರಿಸಿ, ನಟ್ಟುಗಳನ್ನು ಕೈತಡವಿನಿಂದಲೇ ಬಿಗಿಯಬೇಕು. ಇಷ್ಟು ಮಾಡಿ ಬಂದರೆ ಪಾಸು.

ಜೊತೆಗಾರ ಮೊದಲ ದಿನವೇ ಇಳಿದು ಅರ್ಧ ಕೆಲಸ ಮಾಡಿ, ಹಲ್ಲು ಕಟಕಟ ಎನ್ನಿಸುತ್ತಾ ಮೇಲೆ ಬಂದ. ಮೂರನೆಯ ದಿನಕ್ಕೆ ಪೂರ್ತಿ ಮಾಡಿದ.

ನಾನು ಇಳಿದೆ. ಎದೆ ಹೌಹಾರಿತು, ತಡೆದುಕೊಂಡೆ. ಉಸಿರು ಹಿಡಿತಕ್ಕೆ ಬಂತು. ಆರು ಅಡಿಯ ಆಚೆಗೆ ಬಲಗಿವಿಯಲ್ಲಿ ಯಾರೋ ಬೆರಳಿಟ್ಟು ಒತ್ತಿದ ಹಾಗೆ ನೋವು. ಮೂಗು ಹಿಡಿದು ಊದಿದರೆ ನೋವು ಕಡಿಮೆಯಾಗುವ ಬದಲು ಹೆಚ್ಚಾಯಿತು. ಟೋಪಿಯ ಅಂಚು ಎತ್ತಿದೆ. ಎಡಗಿವಿಯೊಳಕ್ಕೆ ಐಸಿನ ನೀರು ಸೂಜಿಯಂತೆ ಇಳಿಯಿತು. ಮರುಕ್ಷಣ ಇಡೀ ತೊಟ್ಟಿ ಮಗುಚಿಕೊಂಡಿತು. ತಳ ಯಾವುದು, ಮೇಲೆ ಯಾವುದು, ಒಂದೂ ತಿಳಿಯದು. ಕೈಗೆ ಸಿಕ್ಕಿದ ಚೌಕಟ್ಟನ್ನು ತಬ್ಬಿಕೊಂಡೆ. ಅದೂ ನನ್ನೊಂದಿಗೆ ತಿರುಗಿತು. ಹಗ್ಗವನ್ನು ಹೇಗೆ ಎಳೆದೆನೋ ಕಾಣೆ, ಮೇಲೆ ಬಂದವನೇ ದಂಡೆಗೆ ಒರಗಿ ರಾತ್ರಿ ಉಂಡದ್ದನ್ನೆಲ್ಲ ಕಾರಿಕೊಂಡೆ.

"ಎಂತ ಆಯ್ತು?" ಮಾಸ್ಟ್ರು ಕೇಳಿದರು.

"ತಿರುಗ್ತಾ ಇದೆ ಮಾಸ್ಟ್ರೇ. ತೊಟ್ಟಿ ತಲೆಕೆಳಗಾಯ್ತು."

"ತೊಟ್ಟಿ ಅಲ್ಲ ಮಾರಾಯ, ನಿನ್ನ ಧೈರ್ಯ. ಮೊದಲ ಸಲ ಹೀಗೆ ಆಗ್ತದೆ. ನಾಳೆ ನೋಡುವ."

ಮರುದಿನವೂ ಅದೇ. ಅದರ ಮರುದಿನವೂ. ಒಂದೊಂದು ದಿನ ತಿರುಗು ಬರುತ್ತಿರಲಿಲ್ಲ, ಬರೀ ಕಿವಿನೋವು, ಅಷ್ಟಕ್ಕೇ ವಾಪಸು. ಇನ್ನೊಂದು ದಿನ ತಿರುಗಿ ಬೀಳುತ್ತಿದ್ದೆ. ಇಳಿಯುವ ಮುಂಚೆ ಮಾಸ್ಟ್ರು ದಿನವೂ, "ಮೈಮೇಲೆ ಎಂತಾದ್ರೂ ಉಂಟಾ? ಉಂಗುರ, ವಾಚು, ಸರ?" ಎಂದು ಕೇಳುತ್ತಿದ್ದರು. "ಏನೂ ಇಲ್ಲ ಮಾಸ್ಟ್ರೇ" ಎನ್ನುತ್ತಿದ್ದೆ. ಆಮೇಲೆ ಒದ್ದೆ ಕೂದಲಲ್ಲೇ ಪಾಳಿಗೆ ಹೋಗಿ ನಿಂತರೆ, ಮಧ್ಯಾಹ್ನದವರೆಗೂ ನೆಲ ಸಣ್ಣಗೆ ಅಲುಗಾಡುತ್ತಲೇ ಇರುತ್ತಿತ್ತು. ಸಂಜೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಲ್ಲೇ ನಿದ್ದೆ ಹೋಗಿ ಸ್ಟಾಪು ದಾಟಿ ಹೋದದ್ದೂ ಉಂಟು.

ಮನೆಯಲ್ಲಿ ಇದ್ದವರು ಅಜ್ಜಿ ಮತ್ತು ನಾನು. ಮಾತು ಕಲಿಸಿದವಳು, ಸಾಕಿದವಳು ಎಲ್ಲ ಅವಳೇ. ಚಿಕ್ಕಂದಿನಲ್ಲಿ ನನ್ನ ಬಲಗಿವಿ ಸೋರುತ್ತಿತ್ತಂತೆ. ಅವಳು ರಾತ್ರಿಯೆಲ್ಲ ತೊಡೆಯ ಮೇಲೆ ಮಲಗಿಸಿಕೊಂಡು ಕೂತಿರುತ್ತಿದ್ದಳಂತೆ. ಈಗ ಮೊಮ್ಮಗ ಬೇಕೆಂದೇ ಐಸಿನ ನೀರಿಗೆ ಇಳಿಯುತ್ತಾನೆ ಎಂದಾಗ ಅವಳು ಬೇಡವೆನ್ನಲಿಲ್ಲ. ಕೆಲಸ ಎಂದ ಮೇಲೆ ಬೇಡ ಎನ್ನುವವಳಲ್ಲ. ಆರೈಕೆಯನ್ನು ಮಾತ್ರ ಹೆಚ್ಚಿಸಿದಳು. ಸಂಜೆ ಹುರುಳಿ ಕಟ್ಟಿನ ಸಾರು, ಮಲಗುವ ಮುಂಚೆ ಮೆಣಸಿನ ಕಷಾಯ. ಬೆಳಿಗ್ಗೆ ಹೊರಡುವಾಗ ಸ್ವೆಟರು, ಮಫ್ಲರು, ಕಿವಿಗೆ ಹತ್ತಿ, ತಲೆಗೆ ಮಂಕಿ ಟೋಪಿ. ನಾನು ಬಳಲಿ ಬಂದಷ್ಟೂ ಅವಳ ಕೈ ಬಿಗಿಯಾಯಿತು.

"ಮುಖ ನೋಡು ಹೆಂಗಾಗಿದೆ, ಬಾಳೆದಿಂಡಿನ ಹಾಗೆ. ಶೀತ ತಲೆಗೆ ಏರ್ತಾ ಇದೆ ಕಣೋ," ಎನ್ನುತ್ತಿದ್ದಳು.

ಹೀಗಿರುವಾಗ ಯಜಮಾನರು ತೊಟ್ಟಿಯ ಬಳಿಗೇ ಬಂದರು. ಅಲ್ಲಿ ಹಿಮ ಕರಗಲು ಶುರುವಾದರೆ ಅಣೆಕಟ್ಟಿನಲ್ಲಿ ನೀರು ಏರುತ್ತದೆ, ಆಮೇಲೆ ಆ ಆಳಕ್ಕೆ ನಮ್ಮಂಥ ಹೊಸಬರು ಇಳಿಯುವ ಹಾಗಿಲ್ಲ. ಹೊರಡುವ ದಿನವನ್ನು ಇನ್ನು ಮುಂದೂಡಲಾಗದು ಎಂದರು. ನನ್ನ ಕಡೆ ನೋಡಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

"ನಾನೊಬ್ಬನೇ ಇಳೀತೀನಿ ಬಿಡಿ ಸಾರ್," ಜೊತೆಗಾರ ಹೇಳಿದ. "ಇವನು ಮೇಲಿಂದ ಹಗ್ಗ ಹಿಡ್ಕೊಳ್ಲಿ. ಸಾಕು."

ಮಾಸ್ಟ್ರು ಸಿಡಿದರು. "ಮೊದಲ ದಿನ ಎಂತ ಹೇಳಿದ್ದೇನೆ? ಎರಡನೆಯವ ಇಲ್ಲದೆ ಮೊದಲನೆಯವ ಇಳೀಲಿಕ್ಕಿಲ್ಲ."

"ಎರಡನೆಯವನನ್ನ ಎಲ್ಲಿಂದ ತರ್ಲಿ ಮಾಸ್ಟ್ರೇ ಈಗ?" ಯಜಮಾನರ ದನಿಯಲ್ಲಿ ಸಿಟ್ಟಿಗಿಂತ ಆಯಾಸವೇ ಹೆಚ್ಚಿತ್ತು. "ಶನಿವಾರದ ತನಕ ನೋಡೋಣ. ಆಗ್ಲಿಲ್ಲ ಅಂದ್ರೆ ಇವನೊಬ್ಬನೇ ಇಳೀತಾನೆ. ಅಲ್ಲಿಗೆ ಹೋದ್ಮೇಲೆ ದೇವರಿದ್ದಾನೆ."

ದೇವರು ಸಿಲಿಂಡರ್ ಕಟ್ಟಿಕೊಂಡು ದಡದಲ್ಲಿ ಕೂತಿರುತ್ತಾನೆಯೇ ಎಂದು ಮಾಸ್ಟ್ರು ಗೊಣಗಿದ್ದು ನನಗೆ ಕೇಳಿಸಿತು.

ಅಂದು ಪಾಳಿ ಪೂರ್ತಿ ಅದೇ ಯೋಚನೆ. ನನ್ನಿಂದ ಆಗುವುದಿಲ್ಲ ಎನ್ನುವುದು ನನಗೆ ಖಚಿತವಾಗಿತ್ತು. ಆಗಬಹುದೇನೋ ಎಂದು ಶನಿವಾರದವರೆಗೆ ಎಲ್ಲರನ್ನೂ ಕಾಯಿಸುತ್ತಾ ಕೂತರೆ ಕೊನೆ ಗಳಿಗೆಯಲ್ಲಿ ಬೇರೆ ದಾರಿ ಉಳಿಯುವುದಿಲ್ಲ, ಜೊತೆಗಾರ ಒಂಟಿಯಾಗಿ ಇಳಿಯುತ್ತಾನೆ. ಈಗಲೇ ಹೇಳಿಬಿಟ್ಟರೆ ಇನ್ನೊಬ್ಬನನ್ನು ಹುಡುಕಲು ಎರಡು ದಿನವಾದರೂ ಸಿಗುತ್ತದೆ. ಸಂಜೆ ಯಜಮಾನರ ಕೋಣೆಗೆ ಹೋಗಿ, "ನನ್ನನ್ನ ಬಿಟ್ಬಿಡಿ ಸಾರ್, ಬೇರೆಯವರನ್ನ ನೋಡಿ," ಎಂದೆ. ಅವರು ತಲೆಯಾಡಿಸಿದರು. ಹೊರಗೆ ಬಂದಾಗ ನನಗೆ ದುಃಖವೂ ಆಗಲಿಲ್ಲ. ಮಲಗಿದರೆ ಸಾಕು ಅನಿಸಿತ್ತು.

ಮನೆಗೆ ಬಂದು ಕಾಲು ತೊಳೆಯುವಷ್ಟರಲ್ಲಿ ಜೊತೆಗಾರನ ಸೈಕಲ್ಲು ಬಾಗಿಲಲ್ಲಿ ನಿಂತಿತು. ಸುದ್ದಿ ಮುಟ್ಟಿತ್ತು.

"ಏನೋ ಇದು? ನನ್ನ ಒಂದ್ ಮಾತು ಕೇಳೋದು ಬೇಡ್ವಾ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ. ಅದಕ್ಕೇ ಕೇಳ್ಲಿಲ್ಲ."

"ಬೇರೆ ಯಾರು ಬರ್ತಾರೆ ಹೇಳು? ಲೇತ್ ಮೇಲಿರೋ ಆ ಹಿರಿಯಣ್ಣ ಬರ್ತಾರಾ? ಅವರು ಸ್ನಾನ ಮಾಡೋದೇ ಶನಿವಾರಕ್ಕೊಂದ್ಸಲ."

ನನಗೆ ನಗು ಬಂತು. ಬಹಳ ದಿನದ ಮೇಲೆ ಬಂದ ನಗು, ಅರ್ಧಕ್ಕೆ ನಿಂತಿತು. ಅವನು ದನಿ ತಗ್ಗಿಸಿದ. "ನೋಡು, ಕತ್ತಲಲ್ಲಿ ಕೆಳಗಡೆ ಕೂತಿರೋವಾಗ, ಮೇಲೊಬ್ಬ ಇದ್ದಾನೆ, ಏನಾದ್ರೂ ಆದ್ರೆ ಬರ್ತಾನೆ ಅಂತ ಇರ್ಬೇಕು ಮಗಾ. ಯಾರೋ ಒಬ್ಬ ಅಲ್ಲ. ನಾಳೆ ಒಂದ್ಸಲ ಬಾ. ನೀನು ಇಳೀಬೇಡ. ನಾನಿಳೀತೀನಿ, ನೀನು ಹಗ್ಗ ಹಿಡ್ಕೊಂಡು ನಾನು ಹೆಂಗೆ ಇಳೀತೀನಿ ಅಂತ ಸುಮ್ನೆ ನೋಡು. ಆಮೇಲೆ ನಿನ್ನಿಷ್ಟ."

ಆಗಲಿ ಎಂದೆ. ಅಜ್ಜಿ ಒಳಗಿನಿಂದ ಕಷಾಯದ ಲೋಟ ತಂದವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಈ ಚಳೀಲಿ ಕಿವಿ ತೆರ್ಕೊಂಡು ಸೈಕಲ್ ಮೇಲೆ ಬಂದಿದ್ದೀಯಲ್ಲೋ! ನಿನಗೂ ಹೇಳೋರು ಕೇಳೋರು ಯಾರೂ ಇಲ್ವಾ? ಕೂತ್ಕೋ ಇಲ್ಲಿ."

ಅವನು ಬೇಡ ಅಜ್ಜಿ ಎನ್ನುವಷ್ಟರಲ್ಲಿ ಅವನ ತಲೆ ಅವಳ ಕೈಯಲ್ಲಿತ್ತು.

ಮರುದಿನ ಬೆಳಿಗ್ಗೆ ಐಸು ಸುರಿದೆವು. ಹನ್ನೆರಡು ಅಡಿಯ ತೊಟ್ಟಿಗೆ ಹಗ್ಗ ಸಾಕೆಂದು ಮಾಸ್ಟ್ರು ಒಪ್ಪಿದರು. ಜೊತೆಗಾರ ಇಡ್ಲಿ ಬೆಲ್ಟು ಬಿಗಿದುಕೊಂಡು, ನನಗೆ ಕಣ್ಣು ಮಿಟುಕಿಸಿ, ಉದ್ದಕ್ಕೆ ಉಸಿರು ಬಿಡುತ್ತಾ ಇಳಿದ. ಗುಳ್ಳೆಗಳು ಒಂದೇ ಹದದಲ್ಲಿ ಮೇಲೆ ಬರುತ್ತಿದ್ದವು. ನನ್ನ ಕೈಯಲ್ಲಿ ಹಗ್ಗ. ಅದು ಒಂದು ಸಲ ಜಗ್ಗಿದರೆ ಎಲ್ಲ ಸರಿ ಎಂದು ಅರ್ಥ. ಜಗ್ಗಲಿಲ್ಲ. ಗುಳ್ಳೆಗಳ ಹದ ಕೆಟ್ಟಿತು. ಒಮ್ಮೆಲೇ ರಾಶಿ ರಾಶಿಯಾಗಿ ಬಂದವು. ಹಗ್ಗ ನನ್ನ ಕೈಯನ್ನು ಕಿತ್ತುಕೊಂಡು ಹೋಗುವ ಹಾಗೆ ಜಗ್ಗಿತು, ಮತ್ತೆ ಜಗ್ಗಿತು, ಮತ್ತೆ ಮತ್ತೆ ಜಗ್ಗಿತು.

"ಎಳಿ!" ಮಾಸ್ಟ್ರು ಕೂಗಿದರು.

ಇಬ್ಬರೂ ಸೇರಿ ಎಳೆದೆವು. ಅವನು ಐಸಿನ ಚೂರುಗಳ ನಡುವೆ ತಲೆ ಎತ್ತಿ, ಬಾಯಿಯ ತುಂಡು ಉಗುಳಿ, ದಂಡೆಗೆ ಕೊರಳು ಹಾಕಿ ವಾಂತಿ ಮಾಡಿದ. ಕಣ್ಣುಗುಡ್ಡೆಗಳು ನೆಟ್ಟಗೆ ನಿಲ್ಲದೆ ಪಕ್ಕಕ್ಕೆ ಜಾರಿ ಜಾರಿ ಬರುತ್ತಿದ್ದವು.

"ತಿರುಗ್ತಾ ಇದೆ... ತೊಟ್ಟಿ... ತಲೆಕೆಳಗಾಯ್ತು ಕಣೋ..."

ಅವು ನನ್ನ ಮಾತುಗಳೇ. ನಿನ್ನೆಯವರೆಗೆ ಇದೇ ನೀರಿನಲ್ಲಿ, ಇದೇ ಉಡುಪಿನಲ್ಲಿ ನೆಟ್ಟಗೆ ಕೆಲಸ ಮಾಡಿ ಬಂದವನು ಇವನು. ಇವನಿಗೆ ಧೈರ್ಯ ಇಲ್ಲ ಎನ್ನಲು ಬಾಯಿಲ್ಲ. ಮಾಸ್ಟ್ರು ಬಗ್ಗಿ ಅವನ ಟೋಪಿಯನ್ನು ಹಿಂದಕ್ಕೆ ಸುಲಿದರು. ಎಡಗಿವಿಯ ಬಾಯಲ್ಲಿ ಹತ್ತಿಯ ಎಳೆಯೊಂದು ಜಾರಿ ನೇತಾಡುತ್ತಿತ್ತು. ಬಲಗಿವಿಯಿಂದ ಬೆರಳ ತುದಿಯಲ್ಲಿ ಎಳೆದು ತೆಗೆದದ್ದು ಗಟ್ಟಿಯಾಗಿ ಒತ್ತಿದ ಒಂದು ಉಂಡೆ. ಎಣ್ಣೆಯಲ್ಲಿ ಅದ್ದಿದ್ದು. ಅದರ ಒಳತುದಿಯಲ್ಲಿ ಸಾಸಿವೆ ಗಾತ್ರದ ರಕ್ತದ ಕಲೆ.

ಮಾಸ್ಟ್ರು ಅದನ್ನು ಮೂಗಿಗೆ ಹಿಡಿದರು.

"ಇದೆಂತ ಮಾರಾಯ? ಬೆಳ್ಳುಳ್ಳಿ! ಕಿವಿಗೆ ಒಗ್ಗರಣೆ ಹಾಕಿಕೊಂಡು ಬಂದಿದ್ದೀಯಾ?"

"ಇವ್ರಜ್ಜಿ..." ಅವನು ಉಸಿರು ತಗೊಂಡ. "ನೆನ್ನೆ ಸಂಜೆ ಹಾಕಿದ್ರು. ಸೈಕಲ್ ಮೇಲೆ ಎಷ್ಟು ಹಿತವಾಗಿತ್ತು ಅಂದ್ರೆ, ತೆಗೆಯೋಕೆ ಮನಸ್ಸೇ ಬರ್ಲಿಲ್ಲ."

ಮಾಸ್ಟ್ರು ನಿಧಾನವಾಗಿ ನನ್ನ ಕಡೆ ತಿರುಗಿದರು. "ನಿನ್ನ ಟೋಪಿ ತೆಗಿ."

ನಾನು ಮಂಕಿ ಟೋಪಿ ತೆಗೆದೆ. ತೆಗೆಯುವಾಗಲೂ ಅವರು ಏನು ನೋಡುತ್ತಾರೆಂದು ನನಗೆ ಹೊಳೆದಿರಲಿಲ್ಲ. ನಮ್ಮ ಮನೆಗಳಲ್ಲಿ ಚಳಿ ಬಿತ್ತೆಂದರೆ ಕಿವಿಗೆ ಹತ್ತಿ ಬೀಳುತ್ತದೆ. ಅದು ಉಡಿದಾರದ ಹಾಗೆ. ಉಡಿದಾರವನ್ನು ಯಾರಾದರೂ ಮೈಮೇಲಿನ ಸಾಮಾನೆಂದು ಲೆಕ್ಕ ಹಿಡಿಯುತ್ತಾರೆಯೇ? ಉಂಗುರ, ವಾಚು, ಸರ ಎಂದು ಅವರು ದಿನವೂ ಕೇಳಿದ್ದರು. ಕಿವಿ ಎಂದು ಕೇಳಿರಲಿಲ್ಲ. ಅವರ ಕರಾವಳಿಯಲ್ಲಿ ಅಂಥ ಚಳಿಯೂ ಇಲ್ಲ, ಅಂಥ ಹತ್ತಿಯೂ ಇಲ್ಲ. ಕೆಂಗೇರಿಯ ಬಾವಿಗೆ ನಾವು ಹೋದದ್ದು ಮಧ್ಯಾಹ್ನದ ಬಿಸಿಲಿನಲ್ಲಿ, ಬರಿಯ ಕಿವಿಯಲ್ಲಿ.

ಅವರು ನೆಲದ ಮೇಲೆ ಕೂತು, ಒಂದು ನಟ್ಟು ಒಂದು ಬೋಲ್ಟು ಇಟ್ಟುಕೊಂಡು ವಿವರಿಸಿದರು. ನೀರು ತಮಟೆಯ ಹೊರಗಿನಿಂದ ಒತ್ತಬೇಕು, ನಾವು ಊದಿದ ಗಾಳಿ ಒಳಗಿನಿಂದ ಒತ್ತಬೇಕು, ಆಗ ಸಮ. ಹೊರಬಾಗಿಲಿಗೆ ಬಿರಡೆ ಜಡಿದರೆ ಅಲ್ಲಿ ನೀರಿನ ಒತ್ತಡ ತಲುಪುವುದಿಲ್ಲ, ಒಳಗಿನಿಂದ ಊದಿದಷ್ಟೂ ತಮಟೆ ಹೊರಕ್ಕೆ ಉಬ್ಬುತ್ತದೆ, ನೋವು ಹೆಚ್ಚುತ್ತದೆ. ಒಂದು ಬಿರಡೆ ಸಡಿಲವಾಗಿ ಒಂದೇ ಕಿವಿಗೆ ಐಸಿನ ನೀರು ಹೊಕ್ಕರೆ, ಒಂದು ಬದಿಗೆ ಚಳಿ ಇನ್ನೊಂದು ಬದಿಗೆ ಬೆಚ್ಚಗೆ, ತಲೆಯೊಳಗಿನ ತಕ್ಕಡಿ ತಪ್ಪಿ ಲೋಕವೆಲ್ಲ ತಿರುಗುತ್ತದೆ. ಸೋರುತ್ತಿದ್ದ ಬಲಗಿವಿಗೆ ಅಜ್ಜಿ ಯಾವಾಗಲೂ ಬಿಗಿಯಾಗಿ ತುರುಕುತ್ತಿದ್ದಳು. ಎಡಕ್ಕೆ ಸುಮ್ಮನೆ ಇಡುತ್ತಿದ್ದಳು. ಅದೇ ಕೈ ಅಭ್ಯಾಸದಲ್ಲಿ ಜೊತೆಗಾರನಿಗೂ ಹಾಗೇ ಇಟ್ಟಿದ್ದಳು.

"ನಾನು ನಿನ್ನ ಧೈರ್ಯವನ್ನು ಬೈದೆ," ಮಾಸ್ಟ್ರು ಎದ್ದು ನಿಂತು ಹೇಳಿದರು. "ಬೈಯಬಾರದಿತ್ತು. ಎಂಟು ದಿನ ಇಬ್ಬರೂ ನೀರು ಮುಟ್ಟಲಿಕ್ಕಿಲ್ಲ. ಕಿವಿ ಮಾಗಬೇಕು. ಯಜಮಾನರಿಗೆ ನಾನು ಹೇಳ್ತೇನೆ."

ಹೇಳಿದರು. ಯಜಮಾನರು ಹತ್ತಿಯ ಉಂಡೆಯನ್ನು ಮೇಜಿನ ಮೇಲಿಟ್ಟುಕೊಂಡು ತುಂಬಾ ಹೊತ್ತು ನೋಡಿ, ಅಣೆಕಟ್ಟಿನವರಿಗೆ ಟ್ರಂಕ್ ಕಾಲ್ ಮಾಡಿ, ಇನ್ನೊಂದು ವಾರ ಬೇಡಿಕೊಂಡರಂತೆ.

ನನಗೆ ಕಷ್ಟವಾದದ್ದು ಮನೆಯಲ್ಲಿ ಹೇಳುವುದು. ಬಕೆಟ್ಟಿನ ನೀರಿನಲ್ಲಿ ಚೊಂಬನ್ನು ಬೋರಲು ಮಾಡಿ ಒತ್ತಿ, ಒಳಗೆ ಗಾಳಿ ಸಿಕ್ಕಿಕೊಂಡರೆ ನೀರು ಹೊಗುವುದಿಲ್ಲ ಎಂದು ತೋರಿಸಿದೆ. ಅಜ್ಜಿಗೆ ಅರ್ಥವಾಗಲು ತಡವಾಗಲಿಲ್ಲ.

"ಹಂಗಾದ್ರೆ ಇಷ್ಟು ದಿನ ನೀನು ಒದ್ದಾಡಿದ್ದು ನನ್ನಿಂದ ಅನ್ನು."

"ಹಂಗಲ್ಲ ಅಜ್ಜಿ. ನೀರೊಳಗೆ ಬೇರೆ ಲೆಕ್ಕ, ಅಷ್ಟೆ."

"ಲೆಕ್ಕ ಹಂಗಿರ್ಲಿ. ಆ ಹುಡುಗನ ಕಿವೀಲಿ ರಕ್ತ ಬಂತಂತಲ್ಲ."

ಆ ವಾರವೆಲ್ಲ ಅವಳು ತನ್ನ ಕಿವಿಗೂ ಹತ್ತಿ ಇಟ್ಟುಕೊಳ್ಳಲಿಲ್ಲ. ಬೆಳಿಗ್ಗೆ ನಾನು ಹೊರಡುವಾಗ ಅವಳ ಕೈ ಅಭ್ಯಾಸದಂತೆ ನನ್ನ ಕಿವಿಯವರೆಗೆ ಬಂದು, ಏನು ಮಾಡಬೇಕೆಂದು ತಿಳಿಯದೆ, ಮಫ್ಲರಿನ ಅಂಚನ್ನು ಸರಿಮಾಡಿ ಹಿಂದಕ್ಕೆ ಹೋಗುತ್ತಿತ್ತು.

ಎಂಟು ದಿನ ಕಳೆದ ಮೇಲೆ ಇಳಿದೆ. ಎರಡೂ ಕಿವಿಗೆ ಐಸಿನ ನೀರು ಒಟ್ಟಿಗೆ ಹೊಕ್ಕಿತು. ನೋವಿಗೆ ಕಣ್ಣು ಮುಚ್ಚಿಕೊಂಡೆ. ಮುಚ್ಚಿಯೇ ಉಸಿರು ಬಿಟ್ಟೆ. ಟಕ್ ಎಂದಿತು. ಕಣ್ಣು ತೆರೆದಾಗ ತಳ ತಳದಲ್ಲೇ ಇತ್ತು. ಬೆರಳುಗಳು ಕಟ್ಟಿಗೆಯಾಗುವ ಮುಂಚೆ ನಟ್ಟುಗಳನ್ನೆಲ್ಲ ಬಿಗಿದು ಬಂದೆ. ಜೊತೆಗಾರ ದಂಡೆಯಿಂದ, "ಧಾರೆ ಮುಗೀತು! ಊಟಕ್ಕೆ ಎಲೆ ಹಾಕಿ!" ಎಂದು ಕೂಗಿದ. ಅವನ ಕಿವಿಯೂ ಮಾಗಿತ್ತು. ಮರುದಿನ ಅವನೂ ಇಳಿದು ಬಂದ.

ಹೊರಡುವ ದಿನ ಅಜ್ಜಿ ಒಂದು ಪುಟ್ಟ ತಗಡಿನ ಡಬ್ಬಿಯನ್ನು ನನ್ನ ಚೀಲದೊಳಗೆ ಇಟ್ಟಳು. ಏನೆಂದು ಕೇಳಬೇಕಾಗಿರಲಿಲ್ಲ. ವಾಸನೆಯೇ ಹೇಳುತ್ತಿತ್ತು.

"ನೀರಿಗೆ ಮುಂಚೆ ಬೇಡ," ಎಂದಳು. "ನೀರಾದ ಮೇಲೆ. ಮೈ ಒರೆಸಿಕೊಂಡ ಮೇಲೆ."

ಮಾಸ್ಟ್ರೂ ಸೇರಿ ಮೂವರು ಹೊರಟೆವು. ರೈಲು, ಬಸ್ಸು, ಕೊನೆಗೆ ಜೀಪು. ಆ ಅಣೆಕಟ್ಟಿನ ನೀರು ನಮ್ಮ ತೊಟ್ಟಿಗಿಂತ ಹೆಚ್ಚು ತಣ್ಣಗಿರಲಿಲ್ಲ. ಆದರೆ ಅದಕ್ಕೆ ಗೋಡೆಗಳಿರಲಿಲ್ಲ, ಬೆಳಕಿರಲಿಲ್ಲ. ನಮ್ಮ ಗೇಟಿನ ಹಿಂದಿದ್ದ ಇನ್ನೊಂದು ದೊಡ್ಡ ಗೇಟನ್ನು ಮುಚ್ಚಿದ್ದರಿಂದ ಸೆಳೆತವೂ ಇರಲಿಲ್ಲ. ಜೊತೆಗಾರ ಮೊದಲು ಇಳಿದ. ನಾನು ಸಿಲಿಂಡರ್ ಕಟ್ಟಿಕೊಂಡು, ಮಾಸ್ಕನ್ನು ಹಣೆಯ ಮೇಲಿಟ್ಟುಕೊಂಡು, ದೋಣಿಯಲ್ಲಿ ಹಗ್ಗ ಹಿಡಿದು ಕೂತೆ. ಅವನು ಮೇಲೆ ಬಂದು ಹೇಳಿದ್ದು: ತಳದ ಒಂದು ಮೂಲೆಯಲ್ಲಿ ಒತ್ತುಪಟ್ಟಿ ಕಳಚಿ, ರಬ್ಬರು ಮಡಚಿಕೊಂಡು ಕೂತಿದೆ, ಗೇಟು ಅದರ ಮೇಲೆ ಕೂರುತ್ತಿದೆ. ನೆಟ್ಟಗೆ ಮಾಡಿ ಅರ್ಧ ಬಿಗಿದಿದ್ದೇನೆ, ಇನ್ನು ಕೈ ಬರುತ್ತಿಲ್ಲ. ಅವನ ಬೆರಳುಗಳು ಸ್ಪ್ಯಾನರಿನ ಮೇಲೆ ಹಾಗೇ ಸೆಟೆದಿದ್ದವು. ಒಂದೊಂದಾಗಿ ಬಿಡಿಸಬೇಕಾಯಿತು.

ಮಾಸ್ಟ್ರು ನನ್ನ ಕಡೆ ನೋಡಿದರು. ನಾನು ಮಾಸ್ಕ್ ಇಳಿಸಿಕೊಂಡೆ.

ಕೆಳಗೆ ಕತ್ತಲು. ಅವನು ಬಿಟ್ಟ ಜಾಗ ಕೈಗೆ ಸಿಕ್ಕಿತು. ಉಳಿದ ನಟ್ಟುಗಳನ್ನು ತಡವಿ ತಡವಿ ಬಿಗಿದೆ. ಕಿವಿಯೊಳಗೆ ನನ್ನ ಉಸಿರಿನ ಸದ್ದು ಬಿಟ್ಟರೆ ಇನ್ನೇನೂ ಇರಲಿಲ್ಲ. ಹಗ್ಗ ಒಂದು ಸಲ ಮೆಲ್ಲಗೆ ಜಗ್ಗಿತು. ಮೇಲಿನಿಂದ ಅವನು ವಿಚಾರಿಸುತ್ತಿದ್ದ. ನಾನೂ ಒಂದು ಸಲ ಜಗ್ಗಿದೆ.

ಮಧ್ಯಾಹ್ನ ಗೇಟು ಇಳಿಸಿದರು. ಕೂತಿತು.

ಆಮೇಲೆ ಅಣೆಕಟ್ಟಿನ ಮೇಲಿನ ಕಟ್ಟೆಯಲ್ಲಿ ಕಂಬಳಿ ಹೊದ್ದು ಇಬ್ಬರೂ ಕೂತೆವು. ಮೈ ಒರೆಸಿಕೊಂಡಾಗಿತ್ತು. ನಾನು ಡಬ್ಬಿ ತೆಗೆದೆ. ಜೊತೆಗಾರ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿದ, ಆಮೇಲೆ ಇನ್ನೊಂದು ಪಕ್ಕಕ್ಕೆ. ನಾನೂ ಇಟ್ಟುಕೊಂಡೆ. ಗಾಳಿಯ ಸದ್ದು ದೂರವಾಯಿತು.

ಅಣೆಕಟ್ಟಿನ ಆಚೆ ತುದಿಯಿಂದ ಮಾಸ್ಟ್ರು ಕೈಬೀಸುತ್ತಾ ಏನೋ ಕೂಗಿಕೊಂಡು ಬರುತ್ತಿದ್ದರು. ಹೊಗಳುತ್ತಿದ್ದರೋ, ಬೈಯುತ್ತಿದ್ದರೋ, ನಮಗಿಬ್ಬರಿಗೂ ಕೇಳಿಸಲಿಲ್ಲ. ಹತ್ತಿರ ಬಂದು ನಮ್ಮ ಕಿವಿ ನೋಡಿದರು, ಡಬ್ಬಿ ನೋಡಿದರು. ಹಿಮದ ಗುಡ್ಡಗಳ ಕಡೆ ಮುಖ ತಿರುಗಿಸಿದರು. ಮತ್ತೆ ನನ್ನ ಎದುರಿಗೆ ಬಂದು, ಮಂಡಿಯ ಮೇಲೆ ಕೈಯೂರಿ, ತಮ್ಮ ಹರಿದ ಎಡಗಿವಿಯನ್ನು ನನ್ನ ಕಡೆಗೆ ತಿರುಗಿಸಿ ಬಗ್ಗಿದರು.

ನಾನು ಒಂದು ಉಂಡೆ ತೆಗೆದು, ಎಣ್ಣೆಯನ್ನೆಲ್ಲ ಚೆನ್ನಾಗಿ ಹಿಂಡಿ, ಅಜ್ಜಿ ಎಡಗಿವಿಗೆ ಇಡುತ್ತಿದ್ದ ಹಾಗೆ, ಒತ್ತದೆ, ಸುಮ್ಮನೆ ಇಟ್ಟೆ.